ಹಳದಿ ದೀಪ ಮಿಣುಕಿದಾಗ

(ಚಳಿಗಾಲದ ಕೂಟದಲ್ಲಿ ಮಾಡಿದ ಮಾತಿನ ಬರಹ ರೂಪ)



ನಾನು ಮಾತುಗಾರ ಅಲ್ಲ. ಶಾರ್ಜಾದಲ್ಲಿ ಹತ್ತೊಂಬತ್ತು ವರ್ಷದಿಂದ ಗಾಡಿಯ ಅಡಿಯಲ್ಲಿ ಮಲಗಿ ಮೇಲೆ ನೋಡುವ ಕೆಲಸ ಮಾಡಿದವನು. ಹೋದ ತಿಂಗಳು ಕ್ರಿಕೆಟ್ ಮ್ಯಾಚ್ ಮುಗಿದ ಮೇಲೆ ನಮ್ಮವನೇ ಒಬ್ಬ ಹುಡುಗ ಬಂದು, "ಅಣ್ಣಾ, ಸೆಕೆಂಡ್ ಹ್ಯಾಂಡ್ ಮಸ್ಟಾಂಗ್ ತಗೊಂಡೆ, ಅದರಲ್ಲಿ ಟ್ರಾಕ್ಷನ್ ಬಟನ್ ಯಾವಾಗ ಆಫ್ ಮಾಡ್ಬೇಕು?" ಅಂತ ಕೇಳಿದ. ನಾನು "ಮಾಡ್ಬೇಡ" ಅಂದೆ. ಅವನು "ಎಂತಕ್ಕೆ?" ಅಂದ. ನಿಂತ ನಿಲುವಿನಲ್ಲಿ ಸರಿಯಾದ ಉತ್ತರ ಹೇಳಲಿಕ್ಕೆ ನನಗೆ ಆಗಲಿಲ್ಲ. ಅಲ್ಲೇ ನಿಂತಿದ್ದ ಕಾರ್ಯದರ್ಶಿಯವರು "ಹಾಗಾದ್ರೆ ಇದನ್ನೇ ಸ್ಟೇಜಲ್ಲಿ ಹೇಳಿ" ಅಂತ ನನ್ನನ್ನು ಸಿಕ್ಕಿಸಿ ಹಾಕಿದರು.

ಮೊದಲೇ ಹೇಳ್ತೇನೆ, ಅಂಥ ಕಾರು ತಗೊಂಡವರಿಗೆ ಬೈಯಲಿಕ್ಕೆ ನಾನು ಬಂದದ್ದಲ್ಲ. ಊರಲ್ಲಿ ಪೋಸ್ಟರ್‌ನಲ್ಲಿ ನೋಡಿದ ಗಾಡಿ ಇಲ್ಲಿ ಹಳೆಯದಾದ ಮೇಲೆ ಒಬ್ಬ ಸೂಪರ್‌ವೈಸರ್‌ನ ಸಂಬಳಕ್ಕೂ ಎಟುಕುತ್ತದೆ. ಆಸೆ ತಪ್ಪಲ್ಲ. ಆದರೆ ನಾಲ್ಕುನೂರು ಕುದುರೆ ಶಕ್ತಿಯ, ಹಿಂದಿನ ಚಕ್ರ ತಿರುಗುವ ವಿ-8 ಗಾಡಿಗೂ ನಾವು ಡ್ರೈವಿಂಗ್ ಕಲಿತ ಸಣ್ಣ ಕಾರಿಗೂ ಲೈಸೆನ್ಸ್ ಮಾತ್ರ ಒಂದೇ.

ಟ್ರಾಕ್ಷನ್ ಕಂಟ್ರೋಲ್ ಅಂದರೆ ಎಂತದು? ನಾಲ್ಕೂ ಚಕ್ರದ ಹತ್ತಿರ ಒಂದೊಂದು ಸೆನ್ಸರ್ ಉಂಟು. ಚಕ್ರ ಎಷ್ಟು ವೇಗದಲ್ಲಿ ತಿರುಗುತ್ತಿದೆ ಅಂತ ಅದು ಎಣಿಸುತ್ತಲೇ ಇರುತ್ತದೆ. ಬ್ರೇಕ್ ಹಾಕುವಾಗ ಒಂದು ಚಕ್ರ ತಿರುಗುವುದು ನಿಂತು ಜಾರಲಿಕ್ಕೆ ಶುರುವಾದರೆ ಆ ಚಕ್ರದ ಬ್ರೇಕನ್ನು ಬಿಟ್ಟು ಹಿಡಿದು ಮಾಡುವುದು ಎಬಿಎಸ್. ಅದು 1978ರಲ್ಲಿ ಮರ್ಸಿಡಿಸ್ ಎಸ್ ಕ್ಲಾಸ್‌ನಲ್ಲಿ ಬಂತು, ಬಾಷ್ ಕಂಪನಿಯ ಕೆಲಸ. ಟ್ರಾಕ್ಷನ್ ಕಂಟ್ರೋಲ್ ಅದರ ತಮ್ಮ, ಕೆಲಸ ಮಾತ್ರ ಉಲ್ಟಾ. ನೀವು ಎಕ್ಸಿಲೇಟರ್ ಒತ್ತಿದಾಗ ಹಿಂದಿನ ಚಕ್ರ ಮುಂದಿನದಕ್ಕಿಂತ ಜಾಸ್ತಿ ತಿರುಗಿದರೆ "ಇದು ರಸ್ತೆ ಹಿಡೀತಾ ಇಲ್ಲ, ಸುಮ್ಮನೆ ಗಿರಗಿರ ತಿರುಗ್ತಾ ಉಂಟು" ಅಂತ ಅದಕ್ಕೆ ಗೊತ್ತಾಗುತ್ತದೆ. ಆಗ ಎಂಜಿನ್‌ನ ಶಕ್ತಿ ಕಡಿಮೆ ಮಾಡುತ್ತದೆ, ಬೇಕಾದರೆ ಆ ಚಕ್ರಕ್ಕೆ ಸ್ವಲ್ಪ ಬ್ರೇಕೂ ಕೊಡುತ್ತದೆ. ಆ ಹೊತ್ತಿಗೆ ಡ್ಯಾಶ್‌ಬೋರ್ಡ್‌ನಲ್ಲಿ ಒಂದು ಹಳದಿ ದೀಪ ಮಿಣುಕುತ್ತದೆ. ಕಾರಿನ ಚಿತ್ರ, ಅದರ ಕೆಳಗೆ ಹಾವಿನ ಹಾಗೆ ಎರಡು ಗೆರೆ. ನೀವೆಲ್ಲ ನೋಡಿರುತ್ತೀರಿ. 1995ರಲ್ಲಿ ಬಂದ ಸ್ಟೆಬಿಲಿಟಿ ಕಂಟ್ರೋಲ್ ಇನ್ನೂ ಒಂದು ಹೆಜ್ಜೆ ಮುಂದೆ. ನೀವು ಸ್ಟೇರಿಂಗ್ ತಿರುಗಿಸಿದ ಕಡೆಗೇ ಗಾಡಿ ಹೋಗುತ್ತಿದೆಯಾ ಅಂತ ಅದು ನೋಡುತ್ತದೆ. ಹೋಗದಿದ್ದರೆ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಿಡಿದು ಎಳೆದು ತರುತ್ತದೆ.

ಇಷ್ಟು ಕೇಳಿದವರಿಗೆ ಟ್ರಾಕ್ಷನ್ ಕಂಟ್ರೋಲ್ ರಸ್ತೆಯ ಹಿಡಿತವನ್ನು ಜಾಸ್ತಿ ಮಾಡುತ್ತದೆ ಅಂತ ಅನ್ನಿಸುತ್ತದೆ. ಮಾಡುವುದಿಲ್ಲ ಮಾರಾಯ್ರೆ! ಹಿಡಿತ ಇರುವುದು ಟಯರ್‌ನಲ್ಲಿ. ಒಂದೊಂದು ಟಯರ್ ರಸ್ತೆಗೆ ತಾಗುವ ಜಾಗ ಹೆಚ್ಚು ಕಡಿಮೆ ಒಂದು ಅಂಗೈಯಷ್ಟು. ಎಷ್ಟೇ ದೊಡ್ಡ ಎಂಜಿನ್ ಇರಲಿ, ನಾವೆಲ್ಲ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವುದು ನಾಲ್ಕು ಅಂಗೈ ಮೇಲೆ. ಟ್ರಾಕ್ಷನ್ ಕಂಟ್ರೋಲ್ ಮಾಡುವುದು ಇಷ್ಟೇ: ಆ ಅಂಗೈಗೆ ಆಗದಷ್ಟು ಭಾರದ ಕೆಲಸ ನೀವು ಕೊಟ್ಟರೆ ಅದನ್ನು ಕಡಿಮೆ ಮಾಡಿ ದಾಟಿಸುತ್ತದೆ.

ಹಾಗಾದರೆ ಆಫ್ ಮಾಡುವ ಬಟನ್ ಎಂತಕ್ಕೆ ಇಟ್ಟಿದ್ದಾರೆ? ನಮ್ಮವರು ಹೆಚ್ಚಿನವರು ಆ ಬಟನ್ ಒತ್ತಲಿಕ್ಕೆ ಕಲಿತದ್ದು ಮರಳಿನಲ್ಲಿ. ಲಹಬಾಬ್‌ನ ಕೆಂಪು ಮರಳಿಗೋ ಅಲ್ ಖುದ್ರಾ ಕಡೆಗೋ ಹೋಗುತ್ತೇವೆ, ಟಯರ್ ಗಾಳಿ ಹದಿನೈದು ಪಿಎಸ್‌ಐಗೆ ಇಳಿಸುತ್ತೇವೆ, ಟ್ರಾಕ್ಷನ್ ಆಫ್ ಮಾಡುತ್ತೇವೆ. ಅಲ್ಲಿ ಅದು ಸರಿ. ಮರಳಿನಲ್ಲಿ ಚಕ್ರ ಜಾರಿಕೊಂಡೇ ಮುಂದೆ ಹೋಗಬೇಕು. ದಿಬ್ಬ ಏರುವಾಗ ಎಲೆಕ್ಟ್ರಾನಿಕ್ಸ್ ನಡುವೆ ಶಕ್ತಿ ಕಡಿದರೆ ಗಾಡಿ ಹೂತು ಕೂರುತ್ತದೆ. ಒಮ್ಮೆ ಹೂತವನಿಗೆ "ಟ್ರಾಕ್ಷನ್ ಆಫ್ ಮಾಡುವವನೇ ನಿಜವಾದ ಡ್ರೈವರ್" ಅಂತ ತಲೆಯಲ್ಲಿ ಕೂತುಬಿಡುತ್ತದೆ. ಅದೇ ತಲೆ ತಗೊಂಡು ಡಾಂಬರು ರಸ್ತೆಯಲ್ಲಿ ವಿ-8 ಹತ್ತುತ್ತಾನೆ. ಆಫ್ ಮಾಡುವ ಎರಡನೇ ಜಾಗ ರೇಸ್ ಟ್ರ್ಯಾಕ್. ದುಬೈ ಆಟೊಡ್ರೋಮ್ ಉಂಟು, ಯಾಸ್ ಮರೀನಾ ಉಂಟು, ದುಡ್ಡು ಕೊಟ್ಟು ಹೋಗಬಹುದು. ಎದುರಿನಿಂದ ಗಾಡಿ ಬರುವುದಿಲ್ಲ, ಜಾರಿದರೂ ಹೋಗಿ ನಿಲ್ಲಲಿಕ್ಕೆ ಜಾಗ ಉಂಟು. ಅಲ್ಲಿ ಕೂಡ ಕಾರು ಮಾಡಿದವರೇ ಪೂರ್ತಿ ಆಫ್‌ಗೆ ಮೊದಲು ಎಷ್ಟು ಮೆಟ್ಟಿಲು ಇಟ್ಟಿದ್ದಾರೆ ನೋಡಿ. ಎಎಂಜಿ ಜಿಟಿ ಆರ್ ಕಾರಿನಲ್ಲಿ ಟ್ರಾಕ್ಷನ್‌ಗೇ ಒಂದು ಹಳದಿ ತಿರುಗಣೆ, ಅದರಲ್ಲಿ ಒಂಬತ್ತು ಹಂತ. ಪೋರ್ಶೆ 911ರ ಈಗಿನ ತಲೆಮಾರಿನಲ್ಲಿ ಮುಂದಿನ ಚಕ್ರದ ಗೂಡಿನಲ್ಲಿ ಶಬ್ದ ಕೇಳುವ ಸೆನ್ಸರ್ ಉಂಟು. ರಸ್ತೆ ಒದ್ದೆಯಾಗಿ ಟಯರ್ ನೀರು ಎರಚುವ ಸದ್ದು ಕೇಳಿದರೆ "ವೆಟ್ ಮೋಡ್‌ಗೆ ಹಾಕಿ" ಅಂತ ಡ್ರೈವರ್‌ಗೆ ಹೇಳುತ್ತದೆ. ಅಷ್ಟು ಬೆಲೆಯ ಕಾರು ಮಾಡುವವರಿಗೇ ನೀರಿನ ಮೇಲೆ ಅಷ್ಟು ಹೆದರಿಕೆ.

ಇನ್ನು ಕ್ರೂಸ್ ಕಂಟ್ರೋಲ್. ಇದನ್ನು ಕಂಡುಹಿಡಿದವರ ಕಥೆ ನನಗೆ ಬಹಳ ಇಷ್ಟ. ರಾಲ್ಫ್ ಟೀಟರ್ ಅಂತ, ಅಮೆರಿಕದ ಇಂಡಿಯಾನಾದವರು, 1890ರಲ್ಲಿ ಹುಟ್ಟಿದವರು. ಐದು ವರ್ಷದ ಮಗುವಾಗಿದ್ದಾಗ ಚೂರಿ ತಾಗಿ ಕಣ್ಣು ಹೋಯಿತು. ಆದರೂ ಎಂಜಿನಿಯರ್ ಆದರು, ಪಿಸ್ಟನ್ ರಿಂಗ್ ಮಾಡುವ ಕಂಪನಿ ನಡೆಸಿದರು. ಅವರ ವಕೀಲರು ಕಾರು ಓಡಿಸುತ್ತಾ ಮಾತಾಡುವಾಗ ನಿಧಾನ ಮಾಡುತ್ತಿದ್ದರಂತೆ, ಕೇಳುವಾಗ ಜೋರು ಮಾಡುತ್ತಿದ್ದರಂತೆ. ಪಕ್ಕದಲ್ಲಿ ಕೂತ ಕಣ್ಣಿಲ್ಲದವರಿಗೆ ಆ ಕುಲುಕಾಟ ಸಾಕಾಗಿ ವೇಗವನ್ನು ಒಂದೇ ಸಮ ಇಡುವ ಯಂತ್ರದ ಯೋಚನೆ ಬಂತು. 1950ರಲ್ಲಿ ಪೇಟೆಂಟ್ ಸಿಕ್ಕಿತು, 1958ರಲ್ಲಿ ಕ್ರೈಸ್ಲರ್ ಕಾರುಗಳಲ್ಲಿ ಮಾರಾಟಕ್ಕೆ ಬಂತು. ಕಣ್ಣು ಕಾಣದ ಮನುಷ್ಯ ಕೊಟ್ಟ ಸಾಮಾನು ಅದು.

ಸಾದಾ ಕ್ರೂಸ್‌ಗೆ ಗೊತ್ತಿರುವುದು ಒಂದೇ ವಿಷಯ, ನೀವು ಹೇಳಿದ ವೇಗ. ಏರು ಬಂದರೆ ಜಾಸ್ತಿ ಎಳೆಯುತ್ತದೆ, ಇಳಿಜಾರಿನಲ್ಲಿ ಬಿಡುತ್ತದೆ. ಈಗಿನ ಅಡಾಪ್ಟಿವ್ ಕ್ರೂಸ್‌ಗೆ ಮುಂದಿನ ಗಾಡಿಯೂ ಕಾಣುತ್ತದೆ. ಆದರೂ ರಸ್ತೆಯಲ್ಲಿ ಕೆಟ್ಟು ನಿಂತ ಗಾಡಿಯನ್ನು ಅದು ಹಿಡಿದೇ ಹಿಡಿಯುತ್ತದೆ ಅಂತ ನಂಬಬೇಡಿ, ಪುಸ್ತಕದಲ್ಲಿ ಅವರೇ ಬರೆದಿರುತ್ತಾರೆ. ರಸ್ತೆ ಒದ್ದೆ ಉಂಟಾ, ಮರಳು ಬಿದ್ದಿದೆಯಾ, ಟಯರ್ ಬೋಳಾಗಿದೆಯಾ, ಇದು ಯಾವುದೂ ಕ್ರೂಸ್‌ಗೆ ಗೊತ್ತಿಲ್ಲ. ಅದಕ್ಕೆ ಹೆಚ್ಚಿನ ಕಾರುಗಳಲ್ಲಿ ಒಂದು ಒಪ್ಪಂದ ಉಂಟು. ಟ್ರಾಕ್ಷನ್ ಕಂಟ್ರೋಲ್ ಕೆಲಸ ಶುರು ಮಾಡಿದ ಕೂಡಲೇ ಕ್ರೂಸ್ ತಾನೇ ಬಿಟ್ಟುಬಿಡುತ್ತದೆ. "ಇಲ್ಲಿ ಜಾರ್ತಾ ಉಂಟು, ನೀನೇ ಹಿಡಿ" ಅಂತ ಡ್ರೈವರ್‌ಗೆ ಒಪ್ಪಿಸುತ್ತದೆ.

ಈ ಒಪ್ಪಂದವನ್ನು ನಾನು ಒಮ್ಮೆ ಮುರಿದೆ. ಅದನ್ನು ಹೇಳಲಿಕ್ಕೇ ಇಷ್ಟು ಪೀಠಿಕೆ. ನನ್ನ ಹೆಂಡತಿ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಅವಳಿಗೂ ಇದು ಇವತ್ತೇ ಗೊತ್ತಾಗುವುದು.

ಕೆಲವು ವರ್ಷದ ಹಿಂದೆ, ಜನವರಿ ತಿಂಗಳು. ಒಬ್ಬ ಗಿರಾಕಿ ಎರಡು ಬಾಗಿಲಿನ ವಿ-8 ತಂದ. ಕಂಪ್ಲೇಂಟ್ ಎಂತ ಅಂದರೆ, ಕ್ರೂಸ್ ಹಾಕಿದರೆ ಐದು ನಿಮಿಷಕ್ಕೆ ತಾನೇ ಬಿಡುತ್ತದೆ. ನಮ್ಮ ಕಸುಬಿನಲ್ಲಿ ಇದಕ್ಕೆ ಮೊದಲು ನೋಡುವುದು ಬ್ರೇಕ್ ಪೆಡಲ್‌ನ ಸ್ವಿಚ್. ಬ್ರೇಕ್ ಒತ್ತಿದರೆ ಕ್ರೂಸ್ ಬಿಡಬೇಕಲ್ಲ, ಆ ಸ್ವಿಚ್ ಸಡಿಲವಾದರೆ ಒತ್ತದೆಯೂ ಬಿಡುತ್ತದೆ. ಹೊಸ ಸ್ವಿಚ್ ಹಾಕಿದೆ. ಸ್ಕ್ಯಾನರ್ ಹಾಕಿ ನೋಡಿದೆ, ಕೋಡ್ ಏನೂ ಇಲ್ಲ. ಎಮಿರೇಟ್ಸ್ ರೋಡ್‌ಗೆ ಟೆಸ್ಟ್‌ಗೆ ತಗೊಂಡು ಹೋದೆ. ಫ್ಲೈಓವರ್ ಏರುವಾಗ ಕ್ರೂಸ್ ಒಂದು ಗೇರ್ ಇಳಿಸಿ ಎಳೆಯಿತು, ಸೇತುವೆಯ ಜಾಯಿಂಟ್ ದಾಟುವಾಗ ಹಳದಿ ದೀಪ ಒಮ್ಮೆ ಮಿಣುಕಿತು, ಕ್ರೂಸ್ ಬಿಟ್ಟಿತು. ಮುಂದಿನ ಫ್ಲೈಓವರ್‌ನಲ್ಲೂ ಹಾಗೆಯೇ.

ಆಗ ನಾನು ಗಾಡಿ ನಿಲ್ಲಿಸಿ ಟಯರ್ ನೋಡಬೇಕಿತ್ತು. ನೋಡಿದ್ದೆ, ಆದರೆ ನಿಂತುಕೊಂಡು ಹೊರಗಿನಿಂದ. ಪಟ್ಟಿ ಚೆನ್ನಾಗಿಯೇ ಕಾಣುತ್ತಿತ್ತು. ಟ್ರಾಕ್ಷನ್‌ನಿಂದಲೇ ಕ್ರೂಸ್ ಬಿಡುವುದಾ ಅಂತ ಖಾತ್ರಿ ಮಾಡಲಿಕ್ಕೆ ನಾನು ಆ ಬಟನ್ ಒತ್ತಿದೆ. ಒಮ್ಮೆ ಒತ್ತಿದರೆ ಟ್ರಾಕ್ಷನ್ ಮಾತ್ರ ಆಫ್. ಐದಾರು ಸೆಕೆಂಡ್ ಒತ್ತಿ ಹಿಡಿದರೆ ಸ್ಟೆಬಿಲಿಟಿಯೂ ಆಫ್. ನಾನು ಒತ್ತಿ ಹಿಡಿದೆ. ಕೆಲವು ಕಾರುಗಳು ಎಲ್ಲಾ ಆಫ್ ಮಾಡಿದರೆ ಕ್ರೂಸ್ ಹಾಕಲಿಕ್ಕೇ ಬಿಡುವುದಿಲ್ಲ. ಆ ಕಾರು ಬಿಟ್ಟಿತು. 100ಕ್ಕೆ ಹಾಕಿದೆ. ಫ್ಲೈಓವರ್ ಏರಿದೆ, ಇಳಿದೆ, ಕ್ರೂಸ್ ಬಿಡಲೇ ಇಲ್ಲ. "ಸಿಕ್ಕಿತು!" ಅಂತ ಖುಷಿ ನನಗೆ. ಸ್ಟೇರಿಂಗ್ ಮೇಲೆ ತಾಳ ಹಾಕಿಕೊಂಡು ಹೋಗುತ್ತಿದ್ದೆ.

ಆಗ ತುಂತುರು ಶುರುವಾಯಿತು. ಜೋರು ಮಳೆ ಅಲ್ಲ, ವೈಪರ್ ಒಮ್ಮೆ ಎಳೆದರೆ ಗ್ಲಾಸ್ ಕೆಸರಾಗುವಂಥದ್ದು. ನಾನು ಕುಂದಾಪುರ ಕಡೆಯವನು. ಜೂನ್‌ನಿಂದ ನಾಲ್ಕು ತಿಂಗಳು ನೀರಿನಲ್ಲೇ ಬದುಕಿದವನಿಗೆ ಇದೂ ಒಂದು ಮಳೆಯಾ ಅನ್ನಿಸಿತು. ನಮ್ಮಲ್ಲಿ ಎಷ್ಟೋ ಜನ ಬೀಳುವುದು ಇಲ್ಲಿಯೇ. ಊರಿನಲ್ಲಿ ಮೊದಲ ಎರಡು ದಿನ ಬಿಟ್ಟರೆ ಮಳೆ ರಸ್ತೆಯನ್ನು ತೊಳೆದುಕೊಂಡೇ ಇರುತ್ತದೆ. ಇಲ್ಲಿ ತಿಂಗಳುಗಟ್ಟಲೆ ಎಣ್ಣೆ, ಟಯರಿನ ರಬ್ಬರ್ ಪುಡಿ, ಮರಳಿನ ಧೂಳು ರಸ್ತೆ ಮೇಲೆ ಕೂತಿರುತ್ತದೆ. ತುಂತುರು ಅದನ್ನು ತೊಳೆಯುವುದಿಲ್ಲ, ನೆನೆಸಿ ಲೋಳೆ ಮಾಡುತ್ತದೆ. ಸಾಲದ್ದಕ್ಕೆ ಬಹಳ ರಸ್ತೆಗಳಲ್ಲಿ ನೀರು ಹರಿದು ಹೋಗಲಿಕ್ಕೆ ಇಳಿಜಾರು ಸಾಲದು, ಅಲ್ಲಲ್ಲಿ ತೆಳ್ಳಗೆ ನಿಲ್ಲುತ್ತದೆ. 2024ರ ಏಪ್ರಿಲ್ 16ರ ಮಳೆ ಎಲ್ಲರಿಗೂ ನೆನಪುಂಟು. ಅಲ್ ಐನ್ ಕಡೆಯ ಖತಮ್ ಅಲ್ ಶಕ್ಲಾದಲ್ಲಿ ಒಂದು ದಿನ ತುಂಬುವುದರೊಳಗೆ 254.8 ಮಿಲಿಮೀಟರ್, 1949ರಿಂದ ಲೆಕ್ಕ ಇಡಲಿಕ್ಕೆ ಶುರು ಮಾಡಿದ ಮೇಲೆ ಅಷ್ಟು ಬಂದದ್ದೇ ಇಲ್ಲ. ಅಂಥ ಮಳೆಗೆ ಯಾರೂ ಕ್ರೂಸ್ ಹಾಕುವುದಿಲ್ಲ, ಮನೆಯಲ್ಲೇ ಕೂರುತ್ತಾರೆ. ನನಗೆ ಹೆದರಿಕೆ ಹತ್ತು ನಿಮಿಷದ ತುಂತುರಿನದ್ದು.

ಬಲಗಡೆ ಲೇನ್‌ನಲ್ಲಿ ಒಂದು ಕಡೆ ನೀರು ನಿಂತಿತ್ತು. ಅದಕ್ಕೆ ಹೊಕ್ಕಿದ ಕೂಡಲೇ ನೀರು ಚಕ್ರವನ್ನು ಹಿಡಿದು ಎಳೆಯುತ್ತದೆ, ನಿಮಗೆಲ್ಲ ಅನುಭವ ಇರಬಹುದು. ನನ್ನ ಕಾಲು ಪೆಡಲ್ ಮೇಲಿದ್ದಿದ್ದರೆ ತಾನೇ ಮೇಲೆ ಬರುತ್ತಿತ್ತು, ಹೆದರಿದ ಕಾಲು ಯಾವಾಗಲೂ ಮೇಲೆ ಬರುತ್ತದೆ. ಕಾಲು ಕೆಳಗೆ ಮ್ಯಾಟ್ ಮೇಲಿತ್ತು. ಕ್ರೂಸ್‌ಗೆ ತಿಳಿದದ್ದು ವೇಗ ಇಳಿಯಿತು ಅಂತ ಮಾತ್ರ. ಅದು ತನ್ನ ಕೆಲಸ ಮಾಡಿತು, ಇನ್ನೂ ಎಳೆಯಿತು. ಹಿಂದಿನ ಚಕ್ರ ನೀರಿನ ಮೇಲೆ ಸುಮ್ಮನೆ ತಿರುಗಿತು. ಕಡಿಮೆ ಮಾಡಬೇಕಾದವನ ಬಾಯಿಯನ್ನು ನಾನೇ ಮುಚ್ಚಿಸಿದ್ದೆ. ಹಿಂಬದಿ ಎಡಕ್ಕೆ ಹೋದದ್ದು ಗೊತ್ತಾಯಿತು. ನಾನು ಬ್ರೇಕ್ ತುಳಿದೆ, ಸ್ಟೇರಿಂಗ್ ಒಮ್ಮೆಲೇ ತಿರುಗಿಸಿದೆ, ಯಾವುದು ಮೊದಲು ಮಾಡಿದೆನೋ ನೆನಪಿಲ್ಲ. ಒಂದೂವರೆ ಸುತ್ತು ತಿರುಗಿ ಹಿಂದಿನ ಮೂಲೆ ಕಬ್ಬಿಣದ ಬೇಲಿಗೆ ಬಡಿದು ಗಾಡಿ ನಿಂತಿತು, ಬಂದ ದಿಕ್ಕಿಗೇ ಮುಖ ಮಾಡಿ. ಎದುರಿನಿಂದ ಒಂದು ಟ್ರೇಲರ್ ಬ್ರೇಕ್ ಹಿಡಿದು, ಹಾರ್ನ್ ಒತ್ತಿಕೊಂಡೇ ಬರುತ್ತಿತ್ತು. ನಿಂತಾಗ ಅದರ ಡ್ರೈವರ್‌ನ ಮುಖ ನನಗೆ ಕಾಣುವಷ್ಟು ಹತ್ತಿರ ಇತ್ತು. ಪಠಾಣ ಮನುಷ್ಯ, ನನಗಿಂತ ಹಿರಿಯ. ಇಳಿದು ಬಂದು ಬೈಯಲಿಲ್ಲ, ನೀರಿನ ಬಾಟಲಿ ಕೊಟ್ಟ.

ಗ್ಯಾರೇಜಿಗೆ ಎಳೆದುಕೊಂಡು ಬಂದು ಲಿಫ್ಟ್‌ಗೆ ಏರಿಸಿದ ಮೇಲೆ ನೋಡಿದೆ. ಹಿಂದಿನ ಎರಡೂ ಟಯರ್‌ನ ಒಳ ಅಂಚು ಬೋಳು, ತಂತಿ ಕಾಣಲಿಕ್ಕೆ ಶುರುವಾಗಿತ್ತು. ಇಂಥ ಕಾರುಗಳಲ್ಲಿ ಹಿಂದಿನ ಚಕ್ರ ಸ್ವಲ್ಪ ಒಳಕ್ಕೆ ವಾಲಿರುತ್ತದೆ, ಒಳಗಿನ ಅಂಚೇ ಮೊದಲು ಸವೆಯುವುದು, ನಿಂತು ನೋಡಿದರೆ ಕಾಣುವುದಿಲ್ಲ. ತಾರೀಖು ನೋಡಿದರೆ ಆರು ವರ್ಷ ಹಳೆಯದು, ರಬ್ಬರ್ ಕಲ್ಲಿನ ಹಾಗೆ ಗಟ್ಟಿ. ಹಾಗಾದರೆ ಪಾಸಿಂಗ್ ಹೇಗೆ ಆಯಿತು ಅಂತ ಕೇಳಿದರೆ, ಗಿರಾಕಿ ಸ್ನೇಹಿತನ ಟಯರ್ ಹಾಕಿ ಪಾಸಿಂಗ್ ಮಾಡಿಸಿ ವಾಪಸ್ ಕೊಟ್ಟಿದ್ದನಂತೆ. ಅವನ ಕ್ರೂಸ್‌ಗೆ ಏನೂ ಆಗಿರಲಿಲ್ಲ. ಗಾಡಿ ತಿಂಗಳುಗಟ್ಟಲೆ ಟಯರ್ ಹಿಡಿಯುವುದಿಲ್ಲ ಅಂತ ಹೇಳುತ್ತಿತ್ತು, ಅವನು ಅದನ್ನು ಕಂಪ್ಲೇಂಟ್ ಅಂತ ತಂದ, ನಾನು ರಿಪೇರಿ ಮಾಡಲಿಕ್ಕೆ ಹೊರಟೆ.

ಬಂಪರ್, ಲೈಟ್, ಡಿಕ್ಕಿಯ ಮುಚ್ಚಳ, ಪೇಂಟ್. ಅರ್ಧ ಖರ್ಚು ನನ್ನ ಸಂಬಳದಿಂದ ಎಂಟು ತಿಂಗಳು ಕಡಿದರು. ಮನೆಯಲ್ಲಿ "ಈ ವರ್ಷ ಓವರ್‌ಟೈಮ್ ಇಲ್ಲ" ಅಂದೆ. ಆ ವರ್ಷ ರಜೆಗೆ ಊರಿಗೆ ಹೋಗಲಿಲ್ಲವಲ್ಲ, ಕಾರಣ ಇದು. (ಇಲ್ಲಿ ಸಭೆಯಲ್ಲಿ ನಗು. ಮೂರನೇ ಸಾಲಿನಲ್ಲಿ ಒಬ್ಬರು ನಗಲಿಲ್ಲ.)

ಈಗ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಡಾಂಬರಿನ ಮೇಲೆ, ಬೇರೆಯವರೂ ಓಡಾಡುವ ರಸ್ತೆಯಲ್ಲಿ, ಆ ಬಟನ್ ಮುಟ್ಟಬೇಡ. ಹಳದಿ ದೀಪ ಅಪರೂಪಕ್ಕೆ ಮಿಣುಕಿದರೆ ನೀನು ಜಾಸ್ತಿ ಒತ್ತಿದ್ದಿ ಅಂತ ಅರ್ಥ, ಕಾಲು ಹಗುರ ಮಾಡು. ಒಂದೇ ವೇಗದಲ್ಲಿ ಹೋಗುವಾಗ ಪದೇ ಪದೇ ಮಿಣುಕಿದರೆ ಟಯರ್ ನೋಡಿಸು. ಸಿಗ್ನಲ್‌ನಲ್ಲಿ ಹೊಗೆ ಎಬ್ಬಿಸುವ ಆಸೆ ಇದ್ದರೆ, ದುಬೈನಲ್ಲಿ 2023ರಿಂದ ಹುಚ್ಚಾಪಟ್ಟೆ ಓಡಿಸಿ ಹಿಡಿದ ಗಾಡಿ ಬಿಡಿಸಿಕೊಳ್ಳಲಿಕ್ಕೆ ಐವತ್ತು ಸಾವಿರ ದಿರ್ಹಂ ಕಟ್ಟಬೇಕು. ನಿನ್ನ ಮಸ್ಟಾಂಗ್‌ಗೆ ನೀನು ಎಷ್ಟು ಕೊಟ್ಟದ್ದು ಅಂತ ನಾನು ಕೇಳುವುದಿಲ್ಲ.

ಕ್ರೂಸ್ ಬೇಡ ಅಂತ ನಾನು ಹೇಳುವುದಿಲ್ಲ, ಈಗಲೂ ಹಾಕುತ್ತೇನೆ. ಅಬುಧಾಬಿಗೆ ಹೋಗುವಾಗ ಬಹಳ ಉಪಯೋಗ. ದುಬೈ ಕಡೆ ಬೋರ್ಡಿನ ಮೇಲೆ ಇಪ್ಪತ್ತು ಕಿಲೋಮೀಟರ್ ರಿಯಾಯಿತಿ ಉಂಟು, ಗಡಿ ದಾಟಿದ ಮೇಲೆ ಇಲ್ಲ. ಅದು 2018ರ ಆಗಸ್ಟ್‌ನಲ್ಲೇ ಹೋಯಿತು, ಬೋರ್ಡಿನಲ್ಲಿ 140 ಅಂದರೆ 140. ವಿ-8ನಲ್ಲಿ ಬೆರಳಷ್ಟು ಒತ್ತಿದರೆ 160 ಆಗಿರುತ್ತದೆ, ಗೊತ್ತೂ ಆಗುವುದಿಲ್ಲ. ಅಲ್ಲಿ ಕ್ರೂಸ್ ನಿಮ್ಮ ಪರ್ಸ್ ಕಾಯುತ್ತದೆ. ಆದರೆ ಗ್ಲಾಸ್ ಮೇಲೆ ಒಂದು ಹನಿ ಬಿದ್ದರೂ ತೆಗೆಯಿರಿ. ರಸ್ತೆ ಮೇಲೆ ಮರಳು ಹಾವಿನ ಹಾಗೆ ಹರಿಯುವುದು ಕಂಡರೂ ತೆಗೆಯಿರಿ, ಮರಳಿನ ಪದರದಲ್ಲಿ ನೀರಿನಲ್ಲಿ ಆದದ್ದೇ ಆಗುತ್ತದೆ. ಮಂಜಿನಲ್ಲಿ ಅಬುಧಾಬಿಯ ಬೋರ್ಡುಗಳು 80ಕ್ಕೆ ಇಳಿಯುತ್ತವೆ, ನೀವು ಹಾಕಿದ ಕ್ರೂಸ್ ಇಳಿಯಬೇಕೆಂದಿಲ್ಲ. ರಾತ್ರಿ ಡ್ಯೂಟಿ ಮುಗಿಸಿ ಹೋಗುವಾಗಲೂ ಬೇಡ. ಕಾಲಿಗೆ ಕೆಲಸ ಇಲ್ಲದಿದ್ದರೆ ಕಣ್ಣಿಗೂ ಬೇಗ ನಿದ್ದೆ ಬರುತ್ತದೆ. 120ರಲ್ಲಿ ಒಂದು ಸೆಕೆಂಡಿಗೆ ಗಾಡಿ 33 ಮೀಟರ್ ಹೋಗುತ್ತದೆ.

ಬ್ರೇಕ್ ಒತ್ತಿ ಕ್ರೂಸ್ ಬಿಡಿಸುವ ಅಭ್ಯಾಸ ನಮ್ಮೆಲ್ಲರದ್ದು. ಜಾರುವ ರಸ್ತೆಯಲ್ಲಿ ಅದೇ ಬ್ರೇಕ್ ಗಾಡಿಯನ್ನು ಕೆಡಿಸಬಹುದು. ಸ್ಟೇರಿಂಗ್ ಮೇಲೆ ಕ್ಯಾನ್ಸಲ್ ಬಟನ್ ಉಂಟು. ನೋಡದೆ ಹೆಬ್ಬೆರಳಿಗೆ ಸಿಗುವ ಹಾಗೆ ಪಾರ್ಕಿಂಗ್‌ನಲ್ಲಿ ಕೂತು ಹತ್ತು ಸಲ ಅಭ್ಯಾಸ ಮಾಡಿ.

ಇನ್ನು ಟಯರ್. ಅಗಲ ಟಯರ್ ಚಂದ, ಒಣ ರಸ್ತೆಯಲ್ಲಿ ಗಟ್ಟಿ ಹಿಡಿಯುತ್ತದೆ. ನೀರಿನ ಮೇಲೆ ಮಾತ್ರ ಅಗಲ ಇದ್ದಷ್ಟೂ ಬೇಗ ತೇಲುತ್ತದೆ, ಪಟ್ಟಿ ಸವೆದಿದ್ದರೆ ಕೇಳುವುದೇ ಬೇಡ. ಟಯರ್‌ನ ಬದಿಯಲ್ಲಿ ನಾಲ್ಕು ಅಂಕೆ ಇರುತ್ತದೆ. 2319 ಅಂತ ಇದ್ದರೆ 2019ರ ಇಪ್ಪತ್ತಮೂರನೇ ವಾರದ್ದು. ಇಲ್ಲಿನ ಬಿಸಿಲಿಗೆ ಐದು ವರ್ಷದ ಮೇಲೆ ಅದು ಟಯರ್ ಅಲ್ಲ. ಒಳ ಅಂಚು ನೋಡಲಿಕ್ಕೆ ಲಿಫ್ಟ್ ಬೇಡ, ಕೈ ಒಳಗೆ ಹಾಕಿ ಸವರಿದರೆ ಸಾಕು. ಗಾಡಿ ಬಿಸಿ ಇರುವಾಗ ಬೇಡ, ಸೈಲೆನ್ಸರ್ ತಾಗುತ್ತದೆ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಒಂದು ಟಾರ್ಚ್ ಮತ್ತು ಪಟ್ಟಿಯ ಆಳ ಅಳೆಯುವ ಗೇಜ್ ತಂದಿದ್ದೇನೆ. ಊಟಕ್ಕೆ ಹೇಗೂ ಉದ್ದ ಸಾಲು ಇರುತ್ತದೆ, ಹಿಂದಿನ ಬಾಗಿಲಿನಿಂದ ಪಾರ್ಕಿಂಗ್‌ಗೆ ಹೋಗುತ್ತೇನೆ, ಬರುವವರು ಬನ್ನಿ. ಮಸ್ಟಾಂಗ್ ಮೊದಲು ನೋಡೋಣ.